‘ಸರ್ವರ್ ಇಲ್ಲ’ ಅನ್ನೋ ಸುಳ್ಳು: ಎನ್. ಬೇಗೂರಿನ ಸಿಗ್ನಲ್ಲನ್ನು ಲ್ಯಾಪ್‌ಟಾಪ್‌ಗೆ ತರೋದು ಹೇಗೆ?

“ಸರ್ವರ್ ಇಲ್ಲ ಕಣವ್ವಾ, ನಾಳೆ ಬಾ.”

ನ್ಯಾಯಬೆಲೆ ಅಂಗಡಿ, ಗ್ರಾಮ ಒನ್, ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರ, ಎಲ್ಲೇ ಹೋಗಿ, ಈ ಮಾತು ಕೇಳದ ಹಳ್ಳಿಯವರು ಇರಲಿಕ್ಕಿಲ್ಲ. ಈ ವಾಕ್ಯದ ತಾಕತ್ತು ಏನಂದರೆ, ಅದು ಯಾರ ಮೇಲೂ ಹೊಣೆ ಹೊರಿಸುವುದಿಲ್ಲ. ಮಳೆ ಬರಲಿಲ್ಲ ಅಂದ ಹಾಗೆ, ಸರ್ವರ್ ಇಲ್ಲ. ಕೌಂಟರ್‌ನಲ್ಲಿ ಕೂತ ಹುಡುಗನ ತಪ್ಪಲ್ಲ, ಪಿಡಿಒ ತಪ್ಪಲ್ಲ, ಮಂತ್ರಿಯ ತಪ್ಪಂತೂ ಅಲ್ಲವೇ ಅಲ್ಲ. ಒಂದು ದಿನದ ಕೂಲಿ ಬಿಟ್ಟು ಬಂದವರು ಬಸ್ ಚಾರ್ಜು ಕೊಟ್ಟುಕೊಂಡು ವಾಪಸ್ ಹೋಗುತ್ತಾರೆ.

ಎಂಜಿನಿಯರಿಂಗ್ ಓದಿ, ಪತ್ರಿಕೋದ್ಯಮಕ್ಕೆ ಬರುವ ಮುಂಚೆ ಸ್ವಲ್ಪ ಕಾಲ ಕೋಡ್ ಬರೆದಿದ್ದೇನೆ. ಹಾಗಾಗಿ ಈ ಮಾತು ಕೇಳಿದಾಗೆಲ್ಲ ಒಂದು ಅನುಮಾನ ಬರುತ್ತದೆ. ಬಹಳಷ್ಟು ಸಲ ಸರ್ವರ್ ಚೆನ್ನಾಗಿಯೇ ಇರುತ್ತದೆ, ಡೇಟಾ ಸೆಂಟರಿನ ಎಸಿ ಕೋಣೆಯಲ್ಲಿ ಹಸಿರು ದೀಪ ಮಿಣುಕಿಸುತ್ತಾ. ಇಲ್ಲದಿರುವುದು ಬೇರೆ. ಆ ಆ್ಯಪ್ ಬರೆದವರು ಅದನ್ನು ಕೆಟ್ಟ ನೆಟ್‌ವರ್ಕಿನಲ್ಲಿ ಒಮ್ಮೆಯೂ ಓಡಿಸಿ ನೋಡಿರುವುದಿಲ್ಲ.

ಒಂದು ವಿಷಯ ಮೊದಲೇ ಬೇರೆ ಮಾಡಿಡೋಣ. ಸರ್ವರ್ ನಿಜಕ್ಕೂ ಕುಸಿಯುವ ಸಂದರ್ಭಗಳೂ ಇವೆ. 2023ರ ಜೂನ್‌ನಲ್ಲಿ ಗೃಹಜ್ಯೋತಿ ನೋಂದಣಿ ಶುರುವಾದಾಗ ಸೇವಾಸಿಂಧು ಪೋರ್ಟಲ್ ಜನರ ನೂಕುನುಗ್ಗಲಿಗೆ ತತ್ತರಿಸಿದ್ದು ನೆನಪಿರಬಹುದು. ಕೇಂದ್ರ ಸರ್ಕಾರವೇ ಸರ್ವರ್ ಹ್ಯಾಕ್ ಮಾಡಿದೆ ಅಂತ ಸಚಿವರೊಬ್ಬರು ಅಂದದ್ದೂ ಆಗಲೇ. ಅಮೆರಿಕದ ಹೆಲ್ತ್‌ಕೇರ್ ಡಾಟ್ ಗವ್ 2013ರ ಅಕ್ಟೋಬರ್ 1ರಂದು ಶುರುವಾದಾಗ ಮೊದಲ ದಿನ ವಿಮೆಗೆ ಪೂರ್ತಿಯಾಗಿ ನೋಂದಣಿ ಮಾಡಿಸಿಕೊಳ್ಳಲು ಆದದ್ದು ಕೇವಲ 6 ಮಂದಿಗೆ. ಇದು ಜನಜಂಗುಳಿಯ ಕಾಯಿಲೆ. ಇದಕ್ಕೆ ‘ಲೋಡ್ ಟೆಸ್ಟಿಂಗ್’ ಅನ್ನುವ ಔಷಧಿ ಇದೆ, ಸುದ್ದಿಯೂ ಆಗುತ್ತದೆ, ವಿಧಾನಸಭೆಯಲ್ಲಿ ಗಲಾಟೆಯೂ ಆಗುತ್ತದೆ. ನಾನು ಹೇಳಹೊರಟಿರುವುದು ಸುದ್ದಿಯಾಗದ ಇನ್ನೊಂದು ಕಾಯಿಲೆ ಬಗ್ಗೆ. ಅಲ್ಲಿ ಜನಜಂಗುಳಿ ಇಲ್ಲ, ಇರುವುದು ಒಬ್ಬರೇ. ಆದರೆ ಅವರಿಂದ ಸರ್ವರ್‌ವರೆಗಿನ ದಾರಿ ಕೆಟ್ಟಿದೆ.

ಎಚ್.ಡಿ. ಕೋಟೆ ತಾಲ್ಲೂಕಿನ ಎನ್. ಬೇಗೂರನ್ನೇ ತೆಗೆದುಕೊಳ್ಳಿ. ಒಂದು ಕಡೆ ಕಬಿನಿ ಹಿನ್ನೀರು, ಇನ್ನೊಂದು ಕಡೆ ಬಂಡೀಪುರದ ಕಾಡು. ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೆ ಈ ಊರಿನದೇ ಹೆಸರು. ಇಂಥ ಕಾಡಂಚಿನಲ್ಲಿ, ಜೇನು ಕುರುಬರ, ಕಾಡು ಕುರುಬರ, ಯರವರ ಹಾಡಿಗಳಿರುವ ಕಡೆ, ಟವರ್ ನಿಲ್ಲಿಸುವುದೇ ಕಷ್ಟ. ಅರಣ್ಯ ಭೂಮಿಯಾದರೆ ಅನುಮತಿ ಬೇಕು, ಕರೆಂಟ್ ಬೇಕು, ಲಾಭ ಕಾಣದ ಜಾಗಕ್ಕೆ ಬರುವ ಕಂಪನಿ ಬೇಕು. ದೇಶದಲ್ಲಿ ಇಂಥ ಊರುಗಳು ಎಷ್ಟು ಅಂತ ಸರ್ಕಾರಕ್ಕೂ ಗೊತ್ತು. 4ಜಿ ಮುಟ್ಟದ 24,680 ಹಳ್ಳಿಗಳಿಗೆ ಟವರ್ ಒದಗಿಸಲು ಕೇಂದ್ರ ಸಂಪುಟ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಟವರ್ ಬರಲಿ, ಬೇಡ ಅನ್ನೋರು ಯಾರು? ಆದರೆ ಟವರ್ ಬಂದ ಮೇಲೂ ಗುಡ್ಡದ ಮರೆ ಇರುತ್ತದೆ, ಕರೆಂಟ್ ಹೋಗುತ್ತದೆ, ಮಳೆ ಹೊಯ್ಯುತ್ತದೆ. ಅಂಥ ದಿನವೂ ಆ್ಯಪ್ ಕೆಲಸ ಮಾಡಬೇಕಲ್ಲ?

ಮಾಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಉದ್ಯೋಗ ಖಾತ್ರಿಯ ಹಾಜರಾತಿ ಆ್ಯಪ್‌ಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಎನ್‌ಎಂಎಂಎಸ್ ಅಂತ ಕರೆಯುವ ಇದನ್ನು 2021ರ ಮೇ ತಿಂಗಳಲ್ಲಿ ಶುರು ಮಾಡಿ, 2023ರ ಜನವರಿ 1ರಿಂದ ವೈಯಕ್ತಿಕ ಕಾಮಗಾರಿ ಬಿಟ್ಟು ಉಳಿದೆಲ್ಲ ಕಡೆ ಕಡ್ಡಾಯ ಮಾಡಲಾಯಿತು. ಕಾಯಕ ಬಂಧು ಬೆಳಿಗ್ಗೆ ಹಾಜರಿ ಹಾಕಿ ಕೂಲಿಕಾರರ ಫೋಟೊ ತೆಗೆದು ಕಳಿಸಬೇಕು, ಆಮೇಲೆ ಇನ್ನೊಂದು ಫೋಟೊ. ಹಾಜರಿ ಏರದಿದ್ದರೆ ಆ ದಿನದ ಕೂಲಿಗೆ ಕುತ್ತು. ಕರ್ನಾಟಕದಲ್ಲಿ 2025–26ಕ್ಕೆ ನಿಗದಿಯಾದ ಕೂಲಿ ದಿನಕ್ಕೆ 370 ರೂಪಾಯಿ. ಗುಂಡಿ ತೋಡಿದ್ದು ನಿಜ, ಬೆವರು ಸುರಿಸಿದ್ದು ನಿಜ, ಆದರೆ ಫೋಟೊ ಹೋಗಲಿಲ್ಲ!

ದೂರುಗಳು ಬಂದ ಮೇಲೆ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಆ್ಯಪ್ ತಿದ್ದಿತು. ಬೆಳಗಿನ ಹಾಜರಿ ಮತ್ತು ಮೊದಲ ಫೋಟೊವನ್ನು ಆಫ್‌ಲೈನಿನಲ್ಲೇ ತೆಗೆದುಕೊಂಡು ನೆಟ್‌ವರ್ಕ್ ಸಿಕ್ಕಾಗ ಕಳಿಸಬಹುದು, ಎರಡನೇ ಫೋಟೊ ನಾಲ್ಕು ಗಂಟೆ ಕಳೆದ ಮೇಲೆ ತೆಗೆಯಬಹುದು, ಅಸಾಧಾರಣ ಸಂದರ್ಭದಲ್ಲಿ ಜಿಲ್ಲಾ ಕಾರ್ಯಕ್ರಮ ಸಂಯೋಜಕರು ಕೈಯಿಂದಲೇ ಹಾಜರಿ ಏರಿಸಬಹುದು ಎಂದಾಯಿತು. ತಿದ್ದಿದ್ದು ಒಳ್ಳೆಯದೇ. ಆದರೆ ಇದೆಲ್ಲ ಮೊದಲ ದಿನದ ವಿನ್ಯಾಸದಲ್ಲೇ ಇರಬೇಕಾದದ್ದು. ಕೂಲಿಕಾರರ ಹೊಟ್ಟೆಯ ಮೇಲೆ ಟೆಸ್ಟಿಂಗ್ ಮಾಡಿ, ಆಮೇಲೆ ಪ್ಯಾಚ್ ಬಿಟ್ಟ ಹಾಗಾಯಿತು ಇದು. ಕಾಡಂಚಿನ ಕೂಲಿಕಾರರ ಹಾಜರಿ ತಪ್ಪಿದರೆ ಪರಿಹಾರ ಮೈಸೂರಿನ ಜಿಲ್ಲಾ ಕಚೇರಿಯಲ್ಲಿದೆ ಅನ್ನುವುದಂತೂ ಇನ್ನೊಂದು ತಮಾಷೆ.

ಎಲ್ಲವೂ ಒಂದೇ ಲ್ಯಾಪ್‌ಟಾಪಿನೊಳಗೆ

ತಪ್ಪು ಎಲ್ಲಿ ಶುರುವಾಗುತ್ತದೆ ಅಂತ ನೋಡೋಣ. ಬೆಂಗಳೂರಿನ ಡೆವಲಪರ್ ಒಬ್ಬರು ಆ್ಯಪ್ ಬರೆಯುತ್ತಾರೆ. ಆ್ಯಪ್ ಮಾತಾಡಬೇಕಾದ ಸರ್ವರ್ ಅನ್ನು ಅದೇ ಲ್ಯಾಪ್‌ಟಾಪಿನಲ್ಲಿ ಓಡಿಸಿಕೊಳ್ಳುತ್ತಾರೆ. ವಿಳಾಸ 127.0.0.1, ಅಂದರೆ ‘ನಾನೇ’. ಇದಕ್ಕೆ ಲೋಕಲ್‌ಹೋಸ್ಟ್ ಅನ್ನುತ್ತಾರೆ. ಈ ದಾರಿಯಲ್ಲಿ ಡೇಟಾ ಲ್ಯಾಪ್‌ಟಾಪ್ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಹೋಗಿ ಬರಲು ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. ಒಂದು ಪ್ಯಾಕೆಟ್ಟೂ ಕಳೆದುಹೋಗುವುದಿಲ್ಲ. ನಿಜವಾದ ನೆಟ್‌ವರ್ಕಿನಲ್ಲಿ ಒಂದು ಪ್ಯಾಕೆಟ್ ಸಾಮಾನ್ಯವಾಗಿ 1,500 ಬೈಟ್‌ಗೆ ಸೀಮಿತ. ಲಿನಕ್ಸ್‌ನ ಲೋಕಲ್‌ಹೋಸ್ಟಿನಲ್ಲಿ 65,536 ಬೈಟ್‌ವರೆಗೆ ಒಂದೇ ಮೂಟೆ. ಅಂದರೆ ಅಲ್ಲಿ ಪಾಸಾದ ಟೆಸ್ಟ್ ನೆಟ್‌ವರ್ಕಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಮನೆಯ ನೀರಿನ ತೊಟ್ಟಿಯಲ್ಲಿ ಈಜು ಕಲಿತು ಕಬಿನಿಗೆ ಇಳಿದ ಹಾಗೆ.

ಹಾಗಂತ ಪ್ರತಿ ಟೆಸ್ಟಿಗೂ ಎಚ್.ಡಿ. ಕೋಟೆ ಬಸ್ ಹತ್ತಬೇಕಿಲ್ಲ. ಎನ್. ಬೇಗೂರನ್ನೇ ಲ್ಯಾಪ್‌ಟಾಪಿನೊಳಗೆ ಕಟ್ಟಬಹುದು, ಅದೂ ಬಿಟ್ಟಿಯಾಗಿ.

ಲಿನಕ್ಸ್‌ನಲ್ಲಿ ‘ನೆಟ್‌ವರ್ಕ್ ನೇಮ್‌ಸ್ಪೇಸ್’ ಅನ್ನುವ ಸೌಲಭ್ಯ ಇದೆ. ಒಂದೇ ಯಂತ್ರದೊಳಗೆ ಗೋಡೆ ಕಟ್ಟಿ ಎರಡು ಮನೆ ಮಾಡಿದ ಹಾಗೆ. ಪ್ರತಿ ಮನೆಗೂ ತನ್ನದೇ ವಿಳಾಸ, ತನ್ನದೇ ದಾರಿ, ತನ್ನದೇ ಫೈರ್‌ವಾಲ್. ಒಂದಕ್ಕೆ ‘ಬೇಗೂರು’ ಅಂತ ಹೆಸರಿಡಿ, ಇನ್ನೊಂದಕ್ಕೆ ‘ಬೆಂಗಳೂರು’. ಮೊದಲನೆಯದರಲ್ಲಿ ಆ್ಯಪ್, ಎರಡನೆಯದರಲ್ಲಿ ಸರ್ವರ್. ಎರಡರ ನಡುವೆ ‘ವೆತ್’ ಅನ್ನುವ ಒಂದು ಕಾಲ್ಪನಿಕ ತಂತಿ ಎಳೆಯಿರಿ. ವಿಳಾಸಕ್ಕೆ ಸಿಕ್ಕಿದ ನಂಬರ್ ಕೊಡಬೇಡಿ. ಇಂಥ ಪ್ರಯೋಗಗಳಿಗಂತಲೇ 198.18ರಿಂದ ಶುರುವಾಗುವ ವಿಳಾಸಗಳನ್ನು ಮೀಸಲಿಟ್ಟಿದ್ದಾರೆ, ಹಾಗೆಯೇ ‘ಡಾಟ್ ಟೆಸ್ಟ್’ ಅಂತ ಮುಗಿಯುವ ಹೆಸರುಗಳನ್ನೂ. ಅವು ಅಪ್ಪಿತಪ್ಪಿಯೂ ನಿಜವಾದ ಸರ್ವರ್‌ಗೆ ಹೋಗಿ ಮುಟ್ಟುವುದಿಲ್ಲ.

ಈಗ ತಂತಿಯನ್ನು ಕೆಡಿಸಬೇಕು. ಅದಕ್ಕೆ ಕರ್ನಲ್ಲಿನಲ್ಲೇ ಇರುವ ಉಪಕರಣದ ಹೆಸರು ‘ನೆಟ್‌ಎಮ್’. ಪ್ಯಾಕೆಟ್ಟುಗಳನ್ನು ಇಷ್ಟು ತಡ ಮಾಡು, ನೂರಕ್ಕೆ ಇಷ್ಟು ಬಿಸಾಕು, ಸೆಕೆಂಡಿಗೆ ಇಷ್ಟರ ಮೇಲೆ ಬಿಡಬೇಡ ಅಂತ ಒಂದು ಸಾಲಿನಲ್ಲಿ ಹೇಳಿದರೆ ಮುಗಿಯಿತು. ಉದಾಹರಣೆಗೆ ಹೋಗಲು 300 ಮಿಲಿಸೆಕೆಂಡ್, ಅದರಲ್ಲಿ 100ರಷ್ಟು ಏರುಪೇರು, ನೂರಕ್ಕೆ 5 ಪ್ಯಾಕೆಟ್ ನಷ್ಟ, ವೇಗ ಸೆಕೆಂಡಿಗೆ 64 ಕಿಲೋಬಿಟ್. ಈ ಅಂಕಿಗಳನ್ನು ಊಹೆಯಿಂದ ಹಾಕಬಾರದು, ಊರಿನಲ್ಲಿ ಅಳೆದು ತರಬೇಕು. ಪಂಚಾಯಿತಿ ಕಚೇರಿ, ನ್ಯಾಯಬೆಲೆ ಅಂಗಡಿ, ಒಂದು ಹಾಡಿ, ಈ ಮೂರು ಕಡೆ ಒಂದು ಮಾಮೂಲಿ ಫೋನಿನಿಂದ ವಾರಪೂರ್ತಿ ಪಿಂಗ್ ಹೊಡೆದು ಬರೆದಿಟ್ಟುಕೊಂಡರೆ ಸಾಕು. ಅದೇ ಆ ಊರಿನ ‘ಪ್ರೊಫೈಲ್’.

ಮೊದಲ ಸಲ ಮಾಡುವವರು ಎಡವುವ ಎರಡು ಕಡೆ ಹೇಳಿಬಿಡುತ್ತೇನೆ. ನೆಟ್‌ಎಮ್ ಹೊರಗೆ ಹೋಗುವ ಪ್ಯಾಕೆಟ್‌ಗಳನ್ನು ಮಾತ್ರ ಹಿಡಿಯುತ್ತದೆ. ತಂತಿಯ ಒಂದೇ ತುದಿಗೆ ಹಾಕಿದರೆ ಬೇಗೂರಿನಿಂದ ಹೋಗುವುದಷ್ಟೇ ನಿಧಾನ, ಬೆಂಗಳೂರಿನಿಂದ ಬರುವುದು ರಾಕೆಟ್ಟು. ಎರಡೂ ತುದಿಗೆ ಹಾಕಬೇಕು. ಇನ್ನೊಂದು: ‘ನೂರಕ್ಕೆ 5’ ಅಂದರೆ ನೆಟ್‌ಎಮ್ ಲಾಟರಿ ಎತ್ತಿದ ಹಾಗೆ ಅಲ್ಲೊಂದು ಇಲ್ಲೊಂದು ಬಿಸಾಕುತ್ತದೆ. ಕಾಡಂಚಿನ ಸಿಗ್ನಲ್ ಹಾಗಲ್ಲ. ಹತ್ತು ನಿಮಿಷ ಚೆನ್ನಾಗಿ ಬಂದು, ಆಮೇಲೆ ಅರ್ಧ ನಿಮಿಷ ಸತ್ತೇ ಹೋಗುತ್ತದೆ. ಈ ಗುಂಪುಗುಂಪಾದ ನಷ್ಟವನ್ನು ಅನುಕರಿಸಲು ಅದರಲ್ಲೇ ‘ಗಿಲ್ಬರ್ಟ್–ಎಲಿಯಟ್’ ಅನ್ನುವ ಮಾದರಿ ಇದೆ. ಅದನ್ನು ಬಳಸದ ಟೆಸ್ಟಿನಲ್ಲಿ ಕೋಡ್ ಪಾಸಾಗಿ, ಊರಿನಲ್ಲಿ ಫೇಲಾಗಬಹುದು. ಕ್ರೋಮ್ ಬ್ರೌಸರಿನ ‘3ಜಿ’ ಗುಂಡಿ ಒತ್ತಿ ಟೆಸ್ಟ್ ಮಾಡಿದೆವು ಅನ್ನುವವರೂ ಇದ್ದಾರೆ. ಅದು ಬ್ರೌಸರಿನ ಒಳಗೇ ಡೇಟಾವನ್ನು ತಡೆದು ನಿಧಾನ ಮಾಡುತ್ತದೆ ಅಷ್ಟೇ. ಸಿಗ್ನಲ್ ಅರ್ಧ ನಿಮಿಷ ಸತ್ತಾಗ ಏನಾಗುತ್ತದೆ ಅಂತ ಅದು ತೋರಿಸುವುದಿಲ್ಲ.

ಕೆಟ್ಟ ತಂತಿ ಕಲಿಸುವ ಪಾಠ

ಈ ಬೇಗೂರು–ಬೆಂಗಳೂರು ತಂತಿಯ ಮೇಲೆ ಹಾಜರಾತಿ ಥರದ ಒಂದು ಆ್ಯಪ್ ಓಡಿಸಿ. 500 ಕಿಲೋಬೈಟಿನ ಒಂದು ಫೋಟೊ, 64 ಕಿಲೋಬಿಟ್ ವೇಗ. ಲೆಕ್ಕ ಸುಲಭ: 500ನ್ನು 8ರಿಂದ ಗುಣಿಸಿ 64ರಿಂದ ಭಾಗಿಸಿದರೆ 62 ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ, ಅದೂ ಒಂದು ಪ್ಯಾಕೆಟ್ಟೂ ಕಳೆಯದಿದ್ದರೆ. ಆ್ಯಪಿನಲ್ಲಿ ‘30 ಸೆಕೆಂಡಿನಲ್ಲಿ ಆಗದಿದ್ದರೆ ಕೈಬಿಡು’ ಅಂತ ಬರೆದಿದ್ದರೆ ಈ ಫೋಟೊ ಎಂದೆಂದಿಗೂ ಹೋಗುವುದಿಲ್ಲ. ಹತ್ತು ಸಲ ಒತ್ತಿದರೂ ಹತ್ತು ಸಲವೂ ಸೊನ್ನೆಯಿಂದ ಶುರುವಾಗಿ ಅರ್ಧದಲ್ಲಿ ನಿಲ್ಲುತ್ತದೆ. ಪರದೆ ಮೇಲೆ ಬರುವ ಸಂದೇಶ ಏನು? ‘ಸರ್ವರ್ ದೋಷ’. ಸರ್ವರ್ ಪಾಪ, ಬರದೇ ಇರುವ ಉಳಿದರ್ಧಕ್ಕೆ ಕಾದು ಕೂತಿದೆ. ಫೋಟೊವನ್ನು ತುಂಡುಗಳಾಗಿ ಕಳಿಸಿ, ನಿಂತ ಕಡೆಯಿಂದ ಮುಂದುವರಿಸುವ ಕೋಡ್ ಬರೆಯುವುದು ಕಷ್ಟವಲ್ಲ. ಬೇಕು ಅಂತ ಗೊತ್ತಾಗಬೇಕು ಅಷ್ಟೇ.

ಮುಂದಿನ ಟೆಸ್ಟ್: ನಡುವೆ ಸಿಗ್ನಲ್ ಕತ್ತರಿಸಿ. ಇಲ್ಲಿ ಫೈರ್‌ವಾಲಿನ ಎರಡು ಪದಗಳ ವ್ಯತ್ಯಾಸ ಮುಖ್ಯ. ‘ರಿಜೆಕ್ಟ್’ ಅಂದರೆ ಬಾಗಿಲು ತೆರೆದು “ಆಗಲ್ಲ ಹೋಗಿ” ಅನ್ನುವುದು. ಆ್ಯಪ್‌ಗೆ ಆ ಕ್ಷಣವೇ ಗೊತ್ತಾಗುತ್ತದೆ. ‘ಡ್ರಾಪ್’ ಅಂದರೆ ಬಾಗಿಲನ್ನೇ ತೆರೆಯದಿರುವುದು. ಸಿಗ್ನಲ್ ಹೋದಾಗ ಆಗುವುದು ಎರಡನೆಯದು, ಆದರೆ ಟೆಸ್ಟಿನಲ್ಲಿ ಜನ ಸರ್ವರ್ ಆಫ್ ಮಾಡಿ ನೋಡುತ್ತಾರೆ, ಅಂದರೆ ಮೊದಲನೆಯದನ್ನು. ಡ್ರಾಪ್ ಆದಾಗ ಲಿನಕ್ಸ್ ಎಷ್ಟು ತಾಳ್ಮೆಯ ಪ್ರಾಣಿ ಅಂತ ಗೊತ್ತೇ? ಹೊಸ ಸಂಪರ್ಕಕ್ಕೆ ತಾನಾಗಿ ಸುಮಾರು ಎರಡು ನಿಮಿಷ ಪ್ರಯತ್ನಿಸುತ್ತಾ ಕೂರುತ್ತದೆ. ಆಗಲೇ ಇದ್ದ ಸಂಪರ್ಕ ಸತ್ತರೆ, ಕಳಿಸಿದ್ದಕ್ಕೆ ಉತ್ತರ ಬಾರದೆಯೂ ಸುಮಾರು 15 ನಿಮಿಷ ಕಾಯುತ್ತದೆ. ಆಂಡ್ರಾಯ್ಡ್ ಫೋನಿನ ಒಡಲಲ್ಲಿರುವುದೂ ಲಿನಕ್ಸೇ. ಡೆವಲಪರ್ ತಾವೇ ಟೈಮ್‌ಔಟ್ ಇಡದಿದ್ದರೆ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಹಾಗಾದರೆ ಟೈಮ್‌ಔಟ್ 30 ಸೆಕೆಂಡಾದರೆ ಕಮ್ಮಿ, 15 ನಿಮಿಷವಾದರೆ ಜಾಸ್ತಿ, ಸರಿಯಾದದ್ದು ಯಾವುದು? ಒಟ್ಟು ಸಮಯ ಅಳೆಯುವ ಬದಲು, ಕೊನೆಯ ತುಂಡು ಹೋಗಿ ಎಷ್ಟು ಹೊತ್ತಾಯಿತು ಅಂತ ಅಳೆಯಬೇಕು. ಬೇಗೂರಿನ ತಂತಿಯ ಮೇಲೆ ನಾಲ್ಕು ದಿನ ಕೆಲಸ ಮಾಡಿದ ಯಾರಿಗಾದರೂ ಇದು ಹೊಳೆಯುತ್ತದೆ. ಲೋಕಲ್‌ಹೋಸ್ಟಿನ ಮೇಲೆ ನಾಲ್ಕು ವರ್ಷ ಮಾಡಿದರೂ ಹೊಳೆಯುವುದಿಲ್ಲ.

ಅದಕ್ಕಿಂತ ಕೆಟ್ಟದ್ದು ಮತ್ತೊಂದಿದೆ, ಇದರಲ್ಲಿ ನನ್ನದೇ ತಪ್ಪೊಪ್ಪಿಗೆಯೂ ಇದೆ. ಅರ್ಜಿ ಸರ್ವರ್ ಮುಟ್ಟಿತು, ದಾಖಲಾಯಿತು, ‘ಆಯಿತು’ ಅನ್ನುವ ಉತ್ತರ ವಾಪಸ್ ಬರುವಾಗ ದಾರಿಯಲ್ಲಿ ಕಳೆದುಹೋಯಿತು. ಆ್ಯಪ್‌ಗೆ ಆಗಿದ್ದು ಗೊತ್ತಿಲ್ಲ. ಮತ್ತೆ ಕಳಿಸುತ್ತದೆ. ಈಗ ಎರಡು ಅರ್ಜಿ! ನಾನು ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ನಾನು ಬರೆದ ಒಂದು ಪಾವತಿ ಕೋಡ್ ಹೀಗೇ ಕೆಲವರ ದುಡ್ಡನ್ನು ಎರಡೆರಡು ಸಲ ಕಡಿತ ಮಾಡಿತ್ತು. ಆಫೀಸಿನ ವೈಫೈನಲ್ಲಿ ನೂರಾರು ಸಲ ಟೆಸ್ಟ್ ಮಾಡಿದ್ದೆ, ಒಮ್ಮೆಯೂ ಹಾಗಾಗಿರಲಿಲ್ಲ. ಆಗುವುದಾದರೂ ಹೇಗೆ, ಅಲ್ಲಿ ಉತ್ತರ ಕಳೆದುಹೋಗುವುದೇ ಇಲ್ಲವಲ್ಲ. ಪರಿಹಾರ ಅಂಥ ಬ್ರಹ್ಮವಿದ್ಯೆ ಏನಲ್ಲ. ಪ್ರತಿ ಅರ್ಜಿಗೂ ಫೋನಿನಲ್ಲೇ ಒಂದು ಟೋಕನ್ ನಂಬರ್ ಹುಟ್ಟಿಸಬೇಕು, ಎಷ್ಟು ಸಲ ಕಳಿಸಿದರೂ ಅದೇ ನಂಬರ್ ಹೋಗಬೇಕು, ಸರ್ವರ್ “ಇದು ಆಗಲೇ ಬಂದಿದೆ” ಅಂತ ಹಳೆಯ ಉತ್ತರವನ್ನೇ ಮತ್ತೆ ಕೊಡಬೇಕು. ಪಡಿತರದ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದವರಿಗೆ ಅಕ್ಕಿ ಕೊಡುವ ಮುಂಚೆಯೇ ‘ಈ ತಿಂಗಳದ್ದು ಪಡೆದಾಗಿದೆ’ ಅಂತ ಬಂದರೆ ಅವರು ಯಾರ ಹತ್ತಿರ ಹೋಗಿ ಜಗಳ ಆಡಬೇಕು? ಇಂಥ ಯಾವುದೇ ವ್ಯವಸ್ಥೆಯಲ್ಲಿ ಟೆಸ್ಟ್ ಮಾಡಲೇಬೇಕಾದ ಸ್ಥಿತಿ ಒಂದಿದ್ದರೆ ಅದು ‘ಕೇಳಿಕೆ ಹೋಯಿತು, ಉತ್ತರ ಬರಲಿಲ್ಲ’ ಅನ್ನುವುದು. ನೇಮ್‌ಸ್ಪೇಸಿನಲ್ಲಿ ಸಂಪರ್ಕ ಬೆಸೆದು ಕೇಳಿಕೆ ಹೋದ ಮೇಲೆ ಬೆಂಗಳೂರು ತುದಿಯ ಪ್ಯಾಕೆಟ್ಟುಗಳನ್ನು ಮಾತ್ರ ಡ್ರಾಪ್ ಮಾಡಿದರೆ ಇದು ಒಂದು ನಿಮಿಷದಲ್ಲಿ ಸಿದ್ಧ.

ಮತ್ತೆ ಕಳಿಸುವುದರಲ್ಲೂ ವಿವೇಕ ಬೇಕು. ಟವರಿಗೆ ಕರೆಂಟ್ ಬಂದ ಕೂಡಲೇ ಸುತ್ತಲಿನ ಎಲ್ಲ ಫೋನೂ ಒಟ್ಟಿಗೇ ಕಳಿಸಲು ಹೋದರೆ ಬಡಕಲು ದಾರಿ ಮತ್ತೆ ಕಟ್ಟಿಕೊಳ್ಳುತ್ತದೆ. ಪ್ರತಿ ಸೋಲಿಗೂ ಕಾಯುವ ಹೊತ್ತು ದ್ವಿಗುಣ, ಅದರ ಮೇಲೆ ಒಂದಿಷ್ಟು ಯಾದೃಚ್ಛಿಕ ಸೆಕೆಂಡು, ಇದು ಹಳೆಯ, ಚೆನ್ನಾಗಿ ಗೊತ್ತಿರುವ ಉಪಾಯ. ಫೋನಿನ ದಿನಾಂಕ ತಪ್ಪಿದ್ದರೆ ಸುರಕ್ಷಿತ ಸಂಪರ್ಕವೇ ಬೆಸೆಯುವುದಿಲ್ಲ ಅನ್ನುವುದನ್ನೂ ಟೆಸ್ಟ್ ಮಾಡಿ. ಬ್ಯಾಟರಿ ಸತ್ತು ಎದ್ದ ಹಳೇ ಫೋನುಗಳಲ್ಲಿ ಇದು ಆಗುತ್ತದೆ, ಆಗಲೂ ಬರುವ ಸಂದೇಶ ಅದೇ ‘ಸರ್ವರ್’.

ಟೆಸ್ಟ್ ಸರ್ವರ್ ಕಟ್ಟುವಾಗಿನ ಒಂದು ದುರಭ್ಯಾಸ ಹೇಳದೆ ಮುಂದೆ ಹೋಗಲಾರೆ, ಯಾಕಂದರೆ ಇದು ಕೇವಲ ತಾಂತ್ರಿಕ ವಿಷಯವಲ್ಲ. ಟೆಸ್ಟಿಗೆ ಡೇಟಾ ಬೇಕಲ್ಲ ಅಂತ ನಿಜವಾದ ಫಲಾನುಭವಿಗಳ ಪಟ್ಟಿಯನ್ನೇ, ಆಧಾರ್ ನಂಬರ್, ಬ್ಯಾಂಕ್ ಖಾತೆ ಸಮೇತ, ನಕಲು ಮಾಡಿ ಟೆಸ್ಟ್ ಸರ್ವರ್‌ಗೆ ಸುರಿಯುವುದು. ಟೆಸ್ಟ್ ಸರ್ವರ್‌ಗೆ ಪಾಸ್‌ವರ್ಡ್ ಸಡಿಲ, ನಿಗಾ ಕಡಿಮೆ, ಗುತ್ತಿಗೆ ಮುಗಿದ ಮೇಲೂ ಯಾರೋ ಆಫ್ ಮಾಡಲು ಮರೆತಿರುತ್ತಾರೆ. ಸಂರಚನೆ ಅಂದರೆ ಕಾನ್ಫಿಗರೇಶನ್ ನಿಜವಾದ ಸರ್ವರಿನ ಥರವೇ ಇರಬೇಕು: ಅದೇ ಆವೃತ್ತಿ, ಅದೇ ಟೈಮ್‌ಔಟ್, ಅದೇ ಪ್ರಮಾಣಪತ್ರದ ಕಟ್ಟುನಿಟ್ಟು. ಹೆಸರುಗಳು ಮಾತ್ರ ಸುಳ್ಳಿರಬೇಕು. ನಮ್ಮಲ್ಲಿ ಎಷ್ಟೋ ಕಡೆ ಇದು ತಿರುಗುಮುರುಗು. ಸಂರಚನೆ ಸುಳ್ಳು, ಹೆಸರುಗಳು ನಿಜ.

ಟೆಂಡರಿನಲ್ಲಿ ಇಲ್ಲದ ಸಾಲು

ಇಷ್ಟೆಲ್ಲಕ್ಕೂ ಖರ್ಚು ಎಷ್ಟು? ಒಂದು ಹಳೆಯ ಲ್ಯಾಪ್‌ಟಾಪ್, ಉಚಿತ ತಂತ್ರಾಂಶ, ಒಬ್ಬ ಎಂಜಿನಿಯರ್. ಫೇಸ್‌ಬುಕ್ 2015ರಲ್ಲಿ ತನ್ನ ನೌಕರರಿಗೆ ಮಂಗಳವಾರಗಳಂದು ಒಂದು ಗಂಟೆ 2ಜಿ ವೇಗದಲ್ಲಿ ತನ್ನದೇ ಆ್ಯಪ್ ಬಳಸುವ ಆಯ್ಕೆ ಕೊಟ್ಟಿತು. ಅದಕ್ಕೆ ಬೇಕಾದಂಥ ನೆಟ್‌ವರ್ಕ್ ಅನುಕರಣೆಯ ತಂತ್ರಾಂಶವನ್ನು ಅದೇ ವರ್ಷ ಎಲ್ಲರಿಗೂ ಬಿಟ್ಟುಕೊಟ್ಟಿತು. ಭಾರತದಂಥ ದೇಶಗಳ ಗ್ರಾಹಕರು ಬೇಕಿತ್ತು, ಅದಕ್ಕೆ ಮಾಡಿತು, ಧರ್ಮಕ್ಕಲ್ಲ. ಜಾಹೀರಾತು ತೋರಿಸಲು ಒಂದು ಕಂಪನಿ ಇಷ್ಟು ತಲೆಕೆಡಿಸಿಕೊಳ್ಳುತ್ತದೆ. ಕೂಲಿ ಕೊಡಲು, ಅಕ್ಕಿ ಕೊಡಲು ಸರ್ಕಾರ ಅಷ್ಟಾದರೂ ಮಾಡಬೇಡವೇ?

ಮಾಡದಿರಲು ಕಾರಣ ಸೋಮಾರಿತನ ಒಂದೇ ಅಲ್ಲ. ತಂತ್ರಾಂಶದ ಟೆಂಡರುಗಳಲ್ಲಿ ಸಾಮಾನ್ಯವಾಗಿ ಕಾಣುವ ಷರತ್ತು ‘ಅಪ್‌ಟೈಮ್’. ಉದಾಹರಣೆಗೆ ಶೇ 99.5 ಅಂದರೆ 30 ದಿನದ ತಿಂಗಳಲ್ಲಿ 3 ಗಂಟೆ 36 ನಿಮಿಷಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಆದರೆ ಅಪ್‌ಟೈಮ್ ಅಳೆಯುವ ಯಂತ್ರ ಡೇಟಾ ಸೆಂಟರಿನ ಪಕ್ಕದಲ್ಲಿದ್ದರೆ? ಅಲ್ಲಿಂದ ನೋಡಿದರೆ ಸರ್ವರ್ ಸದಾ ಹಸಿರು. ಗುತ್ತಿಗೆದಾರರ ಬಿಲ್ ಪಾಸು. ಕಾಯಕ ಬಂಧುವಿನ ಫೋನಿನಲ್ಲಿ ತಿರುಗುತ್ತಿರುವ ಚಕ್ರ ಯಾವ ವರದಿಯಲ್ಲೂ ಬರುವುದಿಲ್ಲ. ಅಳೆಯುವ ಜಾಗ ಬದಲಾದರೆ ದಂಡ ಕಟ್ಟುವವರು ಬದಲಾಗುತ್ತಾರೆ. ಇಲ್ಲಿರುವ ರಾಜಕೀಯ ಇಷ್ಟೇ.

ಹಾಗಾಗಿ ನನ್ನ ಬೇಡಿಕೆಯೂ ಚಿಕ್ಕದು. ಜನರ ಹಕ್ಕಿಗೆ ಸಂಬಂಧಿಸಿದ ಪ್ರತಿ ಆ್ಯಪಿನ ಟೆಂಡರಿನಲ್ಲಿ, ಅಳೆದು ತಂದ ಕನಿಷ್ಠ ಐದಾರು ಊರುಗಳ ನೆಟ್‌ವರ್ಕ್ ಪ್ರೊಫೈಲ್ ಸೇರಿಸಬೇಕು. ಒಂದು ಕಾಡಂಚು, ಒಂದು ಮಲೆನಾಡಿನ ಗುಡ್ಡ, ಒಂದು ಬಯಲುಸೀಮೆಯ ತಾಂಡಾ, ಹೀಗೆ. ಆ ಪ್ರೊಫೈಲುಗಳ ಮೇಲೆ ಕೆಲಸ ಪೂರ್ತಿಯಾಗದಿದ್ದರೆ ಆ್ಯಪ್ ಸ್ವೀಕರಿಸಬಾರದು, ಕಡ್ಡಾಯವಂತೂ ಮಾಡಲೇಬಾರದು. ಟೆಸ್ಟ್ ವರದಿ ಸಾರ್ವಜನಿಕವಾಗಿರಬೇಕು.

ಅದು ಬರುವ ತನಕ ಕೇಳುವ ಕೆಲಸ ನಮ್ಮದು. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಆದ್ದರಿಂದ ಸುತ್ತಿ ಬಳಸಿ ಬರೆಯಬೇಡಿ. ಇಂಥ ಆ್ಯಪಿನ ಸ್ವೀಕಾರ ಪರೀಕ್ಷೆಯ ವರದಿಯ ಪ್ರತಿ ಕೊಡಿ, ಪರೀಕ್ಷೆಯಲ್ಲಿ ಬಳಸಿದ ನೆಟ್‌ವರ್ಕ್ ವೇಗ, ವಿಳಂಬ ಮತ್ತು ಪ್ಯಾಕೆಟ್ ನಷ್ಟದ ಪ್ರಮಾಣ ಇರುವ ಪುಟಗಳ ಪ್ರತಿ ಕೊಡಿ, ಅಪ್‌ಟೈಮ್ ಅನ್ನು ಯಾವ ಸ್ಥಳದಿಂದ ಅಳೆಯಲಾಗುತ್ತಿದೆ ಅನ್ನುವ ದಾಖಲೆ ಕೊಡಿ. ಈ ಮೂರು ಸಾಲು ಸಾಕು. ಉತ್ತರಕ್ಕೆ 30 ದಿನದ ಗಡುವು ಇದೆ. ಜೊತೆಗೆ ನಿಮ್ಮೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಹುಡುಗ ಹುಡುಗಿಯರಿದ್ದರೆ ಪಂಚಾಯಿತಿ ಕಚೇರಿಯ ಮುಂದೆ ಒಂದು ವಾರ ಪಿಂಗ್ ಅಳೆಯಲು ಹೇಳಿ. ಆ ಹಾಳೆಯನ್ನೂ, ಆರ್‌ಟಿಐ ಉತ್ತರವನ್ನೂ ಪಕ್ಕಪಕ್ಕ ಇಟ್ಟುಕೊಂಡು ಮುಂದಿನ ಗ್ರಾಮಸಭೆಗೆ ಹೋಗಬಹುದು.